ಮೂರರ ಕಾವಲು, ನಾಲ್ಕರ ಕಾವಲು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಮುಂದೆ ಬರೆದಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಯಾವುವೆಂದು ಗೊತ್ತಿದ್ದರೆ ತಿದ್ದಿರುತ್ತಿದ್ದೆ. ಬೇರೆಯವರ ನೆನಪು ಸುಳ್ಳೆಂದು ವಿಡಿಯೊ ಹಾಕಿ ತೋರಿಸುವುದೇ ಇಪ್ಪತ್ತೆರಡು ವರ್ಷ ನನ್ನ ಕೆಲಸವಾಗಿತ್ತು. "ನಾನು ಎಡಕ್ಕೇ ಓಡಿದೆ" ಎಂದು ಆಣೆ ಮಾಡುತ್ತಿದ್ದ ಆಟಗಾರ್ತಿಯರಿಗೆ ಅವರೇ ಬಲಕ್ಕೆ ಓಡುವುದನ್ನು ತೋರಿಸಿದ್ದೇನೆ. ಅವರ ಮುಖ ಆಗ ಹೇಗಾಗುತ್ತದೆಂದು ಬಲ್ಲೆ. ನನ್ನ ಬದುಕಿಗೆ ಅಂಥ ವಿಡಿಯೊ ಇಲ್ಲ. ದಿನಚರಿ ಇದೆ, ಆದರೆ ಅದನ್ನು ಬರೆದವಳೂ ನಾನೇ.

ಬೆಂಗಳೂರಿನಿಂದ ಬಂದು ಇದೇ ಕೆಲಸಕ್ಕೆ ಸೇರಿರುವ ಹುಡುಗಿಯೊಬ್ಬಳು ಮೊನ್ನೆ ಮನೆಗೆ ಬಂದಿದ್ದಳು. "ಆಂಟಿ, ದಿನಾ ಸ್ಕ್ರೀನ್ ನೋಡೋದು, ಟ್ಯಾಗ್ ಮಾಡೋದು. ಇದ್ರಲ್ಲಿ ಟೆನ್ಷನ್ ಎಲ್ಲಿಂದ ಬರತ್ತೆ?" ಅಂದಳು. ನಗು ಬಂತು. ಅವಳು ಹೋದ ಮೇಲೆ ನಗು ಹೋಯಿತು. ಅವಳಿಗೆಂದೇ ಇದನ್ನು ಬರೆಯುತ್ತಿದ್ದೇನೆ.

ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿದವಳು ಅಮೆರಿಕನ್ ಫುಟ್‌ಬಾಲಿಗೆ ಬಂದದ್ದು ಆಯ್ಕೆಯಿಂದಲ್ಲ. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಆಟಗಳ ವಿಡಿಯೊ ಕತ್ತರಿಸಿ, ಗುರುತು ಹಾಕಿ, ತಂಡಗಳಿಗೆ ಕಳಿಸುವ ಸಣ್ಣ ಕಂಪನಿಯೊಂದಿತ್ತು. ಕ್ರಿಕೆಟ್ ಕೆಲಸಕ್ಕೆಂದು ಅರ್ಜಿ ಹಾಕಿದೆ. ಅದು ತುಂಬಿದೆ, ಇದು ಖಾಲಿ ಇದೆ ಎಂದರು. ಅಮೆರಿಕದ ಭಾನುವಾರದ ಆಟಗಳು ಮುಗಿಯುವಾಗ ಸಿಡ್ನಿಯಲ್ಲಿ ಸೋಮವಾರದ ಬೆಳಗ್ಗೆ. ಅಲ್ಲಿಯ ಕೋಚ್‌ಗಳು ಮಲಗಿ ಏಳುವಷ್ಟರಲ್ಲಿ ನಾವು ಒಂದೊಂದು ಎಸೆತವನ್ನೂ ಬಿಡಿಸಿಟ್ಟಿರಬೇಕು. ಒಂದೊಂದಕ್ಕೂ ತುಂಬಬೇಕಾದ ಇಪ್ಪತ್ತು ಕಾಲಂ. ಅದರಲ್ಲಿ ಎಲ್ಲರೂ ಹೆದರುತ್ತಿದ್ದ ಕಾಲಂ ಒಂದೇ: ಹಿಂದಿನ ಕಾವಲು ಎಷ್ಟರದು? ಮೂರೋ, ನಾಲ್ಕೋ?

ನನ್ನ ಮೇಲಧಿಕಾರಿ ಲೊರೇನ್. ಐವತ್ತು ದಾಟಿದ್ದ, ಸದಾ ಓಟದ ಶೂ ಹಾಕಿಕೊಂಡೇ ಆಫೀಸಿಗೆ ಬರುತ್ತಿದ್ದ ಹೆಂಗಸು. ಅವಳ ಮಾತೆಲ್ಲ ಇಂಗ್ಲಿಷಿನದು, ಇಲ್ಲಿ ನನಗೆ ಕೇಳಿಸಿದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೊದಲ ವಾರವೇ ನಮ್ಮನ್ನು ಊಟದ ಹೊತ್ತಿಗೆ ಕಾರ್ ಪಾರ್ಕಿಗೆ ಎಳೆದುಕೊಂಡು ಹೋದಳು. ಕಾರು ನಿಲ್ಲಿಸುವ ಬಿಳಿ ಗೆರೆಗಳೇ ಅವಳ ಮೈದಾನ.

"ಸೂ, ನೀನು ಅಲ್ಲಿ ಹಿಂದೆ, ನಡುವೆ ನಿಲ್ಲು." ಸುಮತಿ ಎನ್ನಲು ಅವಳಿಗೆ ಪುರುಸೊತ್ತಿರಲಿಲ್ಲ. "ನಿನ್ನ ಎಡಕ್ಕೊಬ್ಬ, ಬಲಕ್ಕೊಬ್ಬ. ಮೈದಾನದ ಹಿಂಭಾಗವನ್ನು ಮೂರು ಪಾಲು ಮಾಡಿಕೊಂಡಿದ್ದೀರಿ. ಇದು ಮೂರರ ಕಾವಲು. ಕಾನೂನು ಒಂದೇ. ನಿನ್ನ ಹಿಂದೆ ಯಾರೂ ಹೋಗಬಾರದು."

"ಮುಂದೆ?"

"ಮುಂದೆ ಐದು ಗಜ ಕೊಡು. ಆರು ಗಜ ಕೊಡು. ಕೊಟ್ಟು ಬದುಕು. ಹಿಂದೆ ಒಂದೇ ಒಂದು ಸಲ ಬಿಟ್ಟೆಯೋ, ಆಟ ಮುಗಿಯಿತು."

ಇಬ್ಬರು ಹುಡುಗರನ್ನು ಓಡಲು ಬಿಟ್ಟಳು. ಒಬ್ಬ ನನ್ನ ಎಡಗಡೆಯ ಸಂದಿನಲ್ಲಿ, ಇನ್ನೊಬ್ಬ ಬಲಗಡೆಯ ಸಂದಿನಲ್ಲಿ, ಇಬ್ಬರೂ ನೆಟ್ಟಗೆ ನನ್ನ ಕಡೆಗೇ. ಚೆಂಡು ಲೊರೇನ್ ಕೈಯಲ್ಲಿ. ಎಡಗಡೆಯವನು ವೇಗವಾಗಿದ್ದ. ನಾನು ಅವನತ್ತ ಓಡಿದೆ. ಲೊರೇನ್ ನಿಧಾನವಾಗಿ, ಅವಸರವೇ ಇಲ್ಲದೆ, ಬಲಗಡೆಯವನಿಗೆ ಎಸೆದಳು.

"ನೀನು ಓಡಿದ್ದು ತಪ್ಪಲ್ಲ," ಅಂದಳು. "ಬೇಗ ತೀರ್ಮಾನ ಮಾಡಿದ್ದು ತಪ್ಪು. ನಡುವಿನವಳು ಇಬ್ಬರ ಮಧ್ಯೆ ಹಿಂದೆ ಹಿಂದೆ ಸರಿಯುತ್ತಲೇ ಇರಬೇಕು. ಎಸೆಯುವವಳ ಭುಜ ನೋಡಬೇಕು. ಚೆಂಡು ಕೈಬಿಟ್ಟ ಮೇಲೆ ಹಾರಬೇಕು. ಅಲ್ಲಿಯವರೆಗೂ ನೀನು ಯಾರವಳೂ ಅಲ್ಲ."

ಮೂರರ ಕಾವಲಿನ ಬಲವೂ ದೌರ್ಬಲ್ಯವೂ ಇದೇ. ಹಿಂದೆ ಮೂವರೇ ಇರುವುದರಿಂದ ಮುಂದಿನ ಜಾಗ ತುಂಬಲು ಜನ ಉಳಿಯುತ್ತಾರೆ, ಆದರೆ ಮೂರು ಪಾಲಿನ ನಡುವೆ ಎರಡು ಸಂದು ಉಳಿಯುತ್ತವೆ. ನಾಲ್ಕರ ಕಾವಲಿನಲ್ಲಿ ನಾಲ್ವರು ಹಿಂದೆ ನಿಂತು ನಾಲ್ಕು ಪಾಲು ಕಾಯುತ್ತಾರೆ. ಉದ್ದದ ಎಸೆತಕ್ಕೆ ಸಂದೇ ಸಿಗದು, ಆದರೆ ಮುಂದೆ ಬಯಲಾಗಿಬಿಡುತ್ತದೆ. ಎದುರಾಳಿ ಐದೈದು ಗಜದಂತೆ ನಡೆದುಕೊಂಡೇ ಬರಬಹುದು. ಆದ್ದರಿಂದ ಎದುರಾಳಿಗೆ ಬೇಕಾದದ್ದು ಒಂದೇ ಸುದ್ದಿ, ಈ ಸಲ ಮೂರೋ ನಾಲ್ಕೋ ಎಂಬುದು. ಅದನ್ನು ಮುಚ್ಚಿಡಲು ರಕ್ಷಣೆಯವರು ಎರಡಕ್ಕೂ ಒಂದೇ ರೀತಿ ನಿಲ್ಲುತ್ತಾರೆ. ಇಬ್ಬರು ಸೇಫ್ಟಿಗಳು, ಅಂದರೆ ಎಲ್ಲರಿಗಿಂತ ಹಿಂದಿನ ಕಾವಲುಗಾರರು, ಅಕ್ಕಪಕ್ಕ ಸಮನಾಗಿ ನಿಂತಿರುತ್ತಾರೆ. ಚೆಂಡು ಆಟಕ್ಕೆ ಬಂದ ಗಳಿಗೆಯಲ್ಲಿ ಒಬ್ಬಳು ಮುಂದೆ ನುಗ್ಗಿ ಇನ್ನೊಬ್ಬಳು ನಡುವಿಗೆ ಓಡಿದರೆ ಅದು ಮೂರು. ಇಬ್ಬರೂ ತಮ್ಮ ಪಾಲಿನಲ್ಲೇ ಹಿಂದೆ ಸರಿದರೆ ನಾಲ್ಕು.

ನಾನು ಮಾಡಿದ ಮೊದಲ ದೊಡ್ಡ ತಪ್ಪು ಇಲ್ಲಿಯೇ. ಎರಡನೆಯ ತಿಂಗಳಿರಬೇಕು. ಚೆಂಡು ಆಟಕ್ಕೆ ಬರುವ ಮುಂಚಿನ ಚಿತ್ರ ಮಾತ್ರ ನೋಡಿ ಗುರುತು ಹಾಕುತ್ತಾ ಹೋದೆ. ಇಬ್ಬರು ಹಿಂದೆ ನಿಂತಿದ್ದಾರೆ, ಸರಿ, ನಾಲ್ಕು. ಮತ್ತೆ ನಾಲ್ಕು. ಒಂದಿಡೀ ಆಟ ಹಾಗೇ ಹೋಯಿತು. ಅಲ್ಲಿಂದ ಒಬ್ಬ ಕೋಚ್ ಒಂದೇ ಸಾಲು ಬರೆದು ಕಳಿಸಿದ: "ಇದನ್ನು ನೋಡಿದವರು ಯಾರು? ನಿಜಕ್ಕೂ ನೋಡಿದರೇ?"

ಲೊರೇನ್ ಬೈಯಲಿಲ್ಲ. ಆ ಸಾಲನ್ನು ಪ್ರಿಂಟ್ ತೆಗೆದು ನನ್ನ ಮಾನಿಟರಿನ ಕೆಳಗೆ ಅಂಟಿಸಿದಳು. ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಆ ಆಟವನ್ನು ಪೂರ್ತಿ ನನ್ನ ಜೊತೆ ಮತ್ತೆ ನೋಡಿದಳು. "ಕೈ ನೋಡಬೇಡ. ಮುಖ ನೋಡಬೇಡ. ಎಲ್ಲರೂ ಕೈಯಲ್ಲಿ, ಮುಖದಲ್ಲಿ ಸುಳ್ಳು ಹೇಳಬಲ್ಲರು. ಪಾದ ನೋಡು. ಓಡಬೇಕಾದವಳ ಪಾದ ಮೊದಲೇ ಓರೆಯಾಗಿರುತ್ತದೆ. ನಿಲ್ಲುವವಳ ಪಾದ ನೇರ." ಆ ಚೀಟಿ ನಾನು ಕೆಲಸ ಬಿಡುವವರೆಗೂ ಅಲ್ಲೇ ಇತ್ತು ಎಂದು ಹೇಳಲು ಇಷ್ಟ. ನಿಜ ಹೇಳಬೇಕೆಂದರೆ, ಆಫೀಸು ಬೇರೆ ಕಟ್ಟಡಕ್ಕೆ ಹೋದಾಗ ಕಳೆದುಹೋಯಿತೇನೋ.

ಆಮೇಲೆ ವಿಧಾನಗಳು ಬದಲಾದವು. ಡಿಸ್ಕ್ ಹೋಗಿ ಫೈಲ್ ಬಂತು. ಆಟಗಾರರ ಭುಜದ ಕವಚದೊಳಗೆ ಚಿಪ್ ಇಟ್ಟು ಅವರು ನಿಂತ ಜಾಗವನ್ನು ಯಂತ್ರವೇ ಹೇಳತೊಡಗಿತು. ಕೊನೆಗೆ ಮೂರೋ ನಾಲ್ಕೋ ಎಂಬುದನ್ನೂ ಅದೇ ಹೇಳತೊಡಗಿತು. ಯಂತ್ರ ತಪ್ಪಿದ್ದನ್ನು ಹುಡುಕುವುದು ನಮ್ಮ ಹೊಸ ಕೆಲಸವಾಯಿತು. ದಿನ ಕಳೆದಂತೆ ಸಿಗುವ ತಪ್ಪುಗಳು ಕಮ್ಮಿಯಾದವು. ಲೊರೇನ್ ಒಂದು ಶುಕ್ರವಾರ ಕೇಕ್ ಕತ್ತರಿಸಿ ಮನೆಗೆ ಹೋದಳು. ನನ್ನನ್ನು ಅವಳ ಕುರ್ಚಿಯಲ್ಲಿ ಕೂರಿಸಿದರು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ಹೇಳುವಂಥದ್ದು ಇರುವುದು ಕೊನೆಯ ನಾಲ್ಕು ವರ್ಷದ ಬಗ್ಗೆ. ಆಗ ನಾನು ವಾರಾಂತ್ಯಗಳಲ್ಲಿ ಸಿಡ್ನಿಯ ಮಹಿಳೆಯರ ತಂಡವೊಂದಕ್ಕೆ ವಿಡಿಯೊ ಕೆಲಸ ಮಾಡುತ್ತಿದ್ದೆ. ಈ ಆಟವನ್ನು ಇಲ್ಲಿ ಗ್ರಿಡೈರನ್ ಅನ್ನುತ್ತಾರೆ. ನೋಡುವವರು ಕಮ್ಮಿ, ಆಡುವವರಿಗೆ ಹುಚ್ಚು. ಚಿಪ್ಪೂ ಇಲ್ಲ, ಯಂತ್ರವೂ ಇಲ್ಲ. ಮೈದಾನದ ಪಕ್ಕ ಕಬ್ಬಿಣದ ಗೋಪುರ ಕಟ್ಟಿ, ಮೇಲೆ ಕ್ಯಾಮೆರಾ ಇಟ್ಟುಕೊಂಡು ನಾನು ಕೂರುತ್ತಿದ್ದೆ. ಕಿವಿಗೆ ರೇಡಿಯೊ. ಕೆಳಗೆ ಕೋಚ್ ಮೆಲೆ. ಟೋಂಗಾ ಮೂಲದವಳು, ಎತ್ತರದ ಆಳು, ನಗು ಜೋರು, ಸೋತರೆ ಮೌನ ಅದಕ್ಕಿಂತ ಜೋರು. ತಂಡದವರೆಲ್ಲ ನನ್ನನ್ನು ಆಂಟಿ ಎನ್ನುತ್ತಿದ್ದರು. ಅಲ್ಲಿ ನನಗೆ ಮತ್ತೆ ಲೊರೇನಳ ಕಾರ್ ಪಾರ್ಕಿನ ಸುಖ ಸಿಕ್ಕಿತು. ಕಣ್ಣಿಂದ ನೋಡಿ ಹೇಳುವುದು.

ನನ್ನ ತಂಗಿ ಶೋಭಾ ಮೆಲ್ಬರ್ನಿನ ಟಾರ್ನೀಟ್‌ನಲ್ಲಿದ್ದಾಳೆ. ಅವಳ ಮಗಳು ದೀಕ್ಷಾ ಆಸ್ಪತ್ರೆಯೊಂದರಲ್ಲಿ ಎಕ್ಸ್‌ರೇ ತೆಗೆಯುತ್ತಾಳೆ. ಅವಳನ್ನು ಈ ಆಟಕ್ಕೆ ಹಚ್ಚಿದವಳು ನಾನೇ. ಹದಿನಾರು ವರ್ಷದವಳು ರಜೆಗೆ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಗೆ ಬಂದಿದ್ದಾಗ ನನ್ನ ಲ್ಯಾಪ್‌ಟಾಪಿನಲ್ಲಿ ಮಹಿಳೆಯರ ಆಟವೊಂದನ್ನು ನೋಡಿದಳು. "ದೊಡ್ಡಮ್ಮ, ವೈ ಈಸ್ ಶಿ ಜಸ್ಟ್ ಸ್ಟ್ಯಾಂಡಿಂಗ್ ದೇರ್?" ಎಂದು ಕೇಳಿದಳು. ಸುಮ್ಮನೆ ನಿಂತಿಲ್ಲ, ಎಲ್ಲರನ್ನೂ ಕಾಯುತ್ತಿದ್ದಾಳೆ ಎಂದೆ. ಹತ್ತು ವರ್ಷದಲ್ಲಿ ಅವಳು ಮೆಲ್ಬರ್ನ್ ತಂಡದ ಸೇಫ್ಟಿಯಾದಳು. ನಂಬರ್ ಇಪ್ಪತ್ತೊಂದು. ಆಸ್ಟ್ರೇಲಿಯಾ ತಂಡದ ಆಯ್ಕೆಗೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಎರಡು ಸಲವೂ ಒಂದೇ ಕಾರಣ: ಹಿಂದೆ ನಿಂತಾಗ ತೀರ್ಮಾನಕ್ಕೆ ಅವಸರ.

ಆ ವರ್ಷ ಸಿಡ್ನಿಗೂ ಮೆಲ್ಬರ್ನಿಗೂ ಫೈನಲ್ ಬಿತ್ತು. ಶೋಭಾಳ ಫೋನ್ ಬಂತು.

"ಅಕ್ಕಾ, ಫೈನಲ್ಲಿಗೆ ಸೆಲೆಕ್ಟರ್ಸ್ ಬರ್ತಾರಂತೆ. ಇದೇ ಲಾಸ್ಟು ಅಂತಾಳೆ. ಈ ಸಲಾನೂ ಆಗ್ಲಿಲ್ಲ ಅಂದ್ರೆ ಆಡೋದೇ ಬಿಡ್ತಾಳಂತೆ."

"ಹಾಗೆಲ್ಲ ಹೇಳ್ತಾಳೆ ಬಿಡು."

"ಇಲ್ಲಕ್ಕ. ಹೋದ ಸಲ ಬಂದು ರೂಮ್ ಬಾಗ್ಲು ಹಾಕ್ಕೊಂಡೋಳು ಎರಡು ದಿನ ಊಟಕ್ಕೆ ಬರ್ಲಿಲ್ಲ. ನೀನೇ ತಾನೇ ಹಚ್ಚಿದ್ದು? ನೀನೇ ಏನಾದ್ರೂ ಹೇಳು ಅವ್ಳಿಗೆ."

"ನಾನು ಆ ಕಡೆ ತಂಡದೋಳು ಕಣೇ. ನಾನೇನೂ ಹೇಳೋ ಹಾಗಿಲ್ಲ."

"ಅಯ್ಯೋ, ಆಟ ತಾನೆ," ಅಂದಳು ಶೋಭಾ.

ಅದೇ ವಾರ ನಾನು ಮೆಲ್ಬರ್ನ್ ತಂಡದ ಹಿಂದಿನ ಆರು ಆಟಗಳನ್ನು ಬಿಡಿಸಲು ಕೂತೆ. ಅವರ ಇಬ್ಬರು ಸೇಫ್ಟಿಗಳು ಚೆನ್ನಾಗಿ ಮುಚ್ಚಿಡುತ್ತಿದ್ದರು. ನಾಲ್ಕು ಆಟ ನೋಡಿದರೂ ಮೂರೋ ನಾಲ್ಕೋ ಮುಂಚೆ ಹೇಳಲಾಗಲಿಲ್ಲ. ಐದನೆಯ ಆಟದಲ್ಲಿ ಕಂಡಿತು. ನೋಡಬಾರದು ಎಂದು ಲೊರೇನ್ ಹೇಳಿದ್ದ ಕಡೆಯೇ ಕಂಡಿತು, ಕೈಯಲ್ಲಿ. ಮೂರರ ಕಾವಲಾದರೆ ದೀಕ್ಷಾ ನಡುವಿಗೆ ಓಡಬೇಕು. ಆಗ ಅವಳು ಮುಂಚೆಯೇ ಬಾಗಿ ಎರಡೂ ಕೈಯನ್ನು ಮಂಡಿಯ ಮೇಲೆ ಇಡುತ್ತಿದ್ದಳು. ನಾಲ್ಕರ ಕಾವಲಾದರೆ ಅವಳು ಓಡಬೇಕಿಲ್ಲ, ತನ್ನ ಪಾಲಿನಲ್ಲೇ ಇರುತ್ತಾಳೆ. ಆಗ ಎಡಗೈ ಸೊಂಟಕ್ಕೆ ಹೋಗುತ್ತಿತ್ತು.

ಆ ಭಂಗಿ ನನಗೆ ಗೊತ್ತು. ಎಂಟು ವರ್ಷದವಳಾಗಿದ್ದಾಗಿನಿಂದ ಹಾಗೇ ನಿಲ್ಲುತ್ತಾಳೆ. ನಮ್ಮ ಅಮ್ಮ ಮೈಸೂರಿನಲ್ಲಿ ನಮ್ಮಿಬ್ಬರಿಗೂ ಅದನ್ನೇ ಹೇಳಿ ಹೇಳಿ ಬೆಳೆಸಿದ್ದರು: ಸೊಂಟದ ಮೇಲೆ ಕೈ ಇಟ್ಟು ನಿಲ್ಲಬೇಡ, ಹೆಣ್ಣುಮಕ್ಕಳಿಗೆ ಅದು ಲಕ್ಷಣವಲ್ಲ. ನನಗೆ ಆ ಮಾತು ಇಷ್ಟವಿರಲಿಲ್ಲ. ಆದರೂ ದೀಕ್ಷಾಗೆ ನಾನೂ ಅದನ್ನೇ ಹೇಳುತ್ತಾ ಬಂದೆ. ಅಡುಗೆಮನೆಯಲ್ಲಿ ದೋಸೆಗೆ ಕಾಯುತ್ತಾ ನಿಂತರೂ ಹೇಳುತ್ತಿದ್ದೆ. ಅವಳು ಕಣ್ಣು ಮೇಲೆ ಮಾಡಿ ಕೈ ತೆಗೆಯುತ್ತಿದ್ದಳು.

ಆರು ಆಟದಲ್ಲೂ ಎಣಿಸಿದೆ. ಒಂದು ಸಲವೂ ತಪ್ಪಿಲ್ಲ.

ಇದನ್ನು ಮೆಲೆಗೆ ಹೇಳುವುದು ನನ್ನ ಕೆಲಸ. ಹೇಳಿದರೆ ಆಯ್ಕೆದಾರರ ಮುಂದೆ ದೀಕ್ಷಾಳ ತಲೆಯ ಮೇಲೆ ಚೆಂಡು ಹಾರುತ್ತದೆ. ಹೇಳದಿದ್ದರೆ ನನ್ನನ್ನು ನಂಬಿ ಐದು ತಿಂಗಳು ಚಳಿಯಲ್ಲಿ ಅಭ್ಯಾಸ ಮಾಡಿದ ನಲವತ್ತು ಜನರಿಗೆ ದ್ರೋಹ. ಒಂಬತ್ತು ದಿನ ಹೇಳಲಿಲ್ಲ. ದಿನಚರಿಯಲ್ಲಿ ಆ ಒಂಬತ್ತು ದಿನವೂ ಹವಾಮಾನ ಮಾತ್ರ ಇದೆ. ಚೆಂಡು ಕೈಬಿಡುವವರೆಗೂ ಇಬ್ಬರ ಮಧ್ಯೆ ಹಿಂದೆ ಸರಿಯುತ್ತಿರಬೇಕು ಎಂದು ಲೊರೇನ್ ಹೇಳಿದ್ದನ್ನೇ ಮಾಡುತ್ತಿದ್ದೇನೆ ಎಂದು ನನಗೆ ನಾನು ಹೇಳಿಕೊಂಡೆ. ಅದು ಸಬೂಬು. ಗುರುವಾರದ ಅಭ್ಯಾಸ ಮುಗಿದ ಮೇಲೆ ಮೆಲೆಯ ಕಾರಿನಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ.

ಮೆಲೆ ಮೂರು ಸಲ ನೋಡಿದಳು. "ಆಂಟಿ, ಇದು ನಿಮ್ಮ ತಂಗಿ ಮಗಳಲ್ಲವೇ?"

"ಹೌದು."

"ನಾನು ಇದನ್ನು ನೋಡಿಲ್ಲ ಅಂದುಕೊಳ್ಳಬಹುದು."

"ನೋಡಿದ್ದೀಯ," ಎಂದೆ.

ಫೈನಲ್ ಮೆಲ್ಬರ್ನಿನಲ್ಲಿ. ಮಧ್ಯಾಹ್ನದ ಆಟ. ಮೋಡವಿತ್ತು, ಗಾಳಿಯಿತ್ತು, ಗೋಪುರ ಅಲ್ಲಾಡುತ್ತಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್, ಅಂದರೆ ಎಸೆಯುವವಳು, ಜೆಸ್. ಎದುರು ನುಗ್ಗುವವರನ್ನು ನೋಡುವುದೇ ಅವಳಿಗೆ ಸಾಕಾಗುತ್ತಿತ್ತು. ಹಿಂದೆ ದೂರದಲ್ಲಿರುವ ಕೈ ನೋಡಲು ಪುರುಸೊತ್ತಿಲ್ಲ. ಹಾಗಾಗಿ ಕ್ಯಾಮೆರಾ ಹತ್ತಿರ ಎಳೆದು ನಾನು ನೋಡಬೇಕು, ರೇಡಿಯೊದಲ್ಲಿ ಮೆಲೆಗೆ ಹೇಳಬೇಕು, ಮೆಲೆ ತೋಳಿನಿಂದ ಜೆಸ್‌ಗೆ ಸನ್ನೆ ಮಾಡಬೇಕು.

ಸೊಂಟದ ಮೇಲೆ ಕೈ. "ನಾಲ್ಕು," ಎಂದೆ. ಜೆಸ್ ಮುಂದೆ ಹತ್ತಿರಕ್ಕೆ ಎಸೆದಳು. ಆರು ಗಜ. ಮತ್ತೆ ಸೊಂಟ, ಮತ್ತೆ ಆರು ಗಜ. ಹೀಗೇ ನಡೆದುಕೊಂಡು ಹೋಗಿ ಚೆಂಡನ್ನು ಕೊನೆಯ ಗೆರೆ ದಾಟಿಸಿದೆವು: ಮೊದಲ ಟಚ್‌ಡೌನ್, ಆರು ಅಂಕ. ಎರಡನೆಯದಕ್ಕೆ ಅಷ್ಟೂ ಬೇಕಾಗಲಿಲ್ಲ. ಮಂಡಿಯ ಮೇಲೆ ಕೈ. "ಮೂರು." ಇಬ್ಬರು ಎರಡು ಸಂದಿನಲ್ಲಿ ನೆಟ್ಟಗೆ ಓಡಿದರು. ದೀಕ್ಷಾ ನಡುವಿಗೆ ಬಂದಳು, ಒಬ್ಬಳತ್ತ ತಿರುಗಿದಳು. ಜೆಸ್ ಇನ್ನೊಬ್ಬಳಿಗೆ ಎಸೆದಳು. ಇಪ್ಪತ್ತು ವರ್ಷದ ಹಿಂದೆ ಕಾರ್ ಪಾರ್ಕಿನಲ್ಲಿ ನನಗಾದದ್ದೇ ಅವಳಿಗಾಯಿತು. ನಮ್ಮ ಕಡೆಯವರೆಲ್ಲ ಕುಣಿದರು. ಅಂಗಳದಾಚೆ ಮಡಚುವ ಕುರ್ಚಿಯಲ್ಲಿ ಕೂತಿದ್ದ ಶೋಭಾ ಗೋಪುರದ ಕಡೆ ಕತ್ತೆತ್ತಿ ನೋಡಿದಳು. ಅವಳಿಗೆ ಆಟ ಅರ್ಥವಾಗುವುದಿಲ್ಲ. ಆದರೂ ನೋಡಿದಳು.

ಅರ್ಧ ಆಟ ಮುಗಿಯಿತು. ಕ್ಯಾಮೆರಾ ಬ್ಯಾಟರಿ ಬದಲಿಸಲು ಕೆಳಗಿಳಿದೆ. ಬ್ಯಾಟರಿ ಇದ್ದದ್ದು ಬಸ್ಸಿನಲ್ಲಿ, ಬಸ್ಸಿಗೆ ಹೋಗುವ ದಾರಿಯಲ್ಲಿ ಕುಡಿಯುವ ನೀರಿನ ನಲ್ಲಿ. ಅಲ್ಲಿ ದೀಕ್ಷಾ ಒಬ್ಬಳೇ ಬಾಟ್ಲಿ ತುಂಬಿಸುತ್ತಿದ್ದಳು. ಹೆಲ್ಮೆಟ್ ನೆಲದ ಮೇಲೆ. ಬಲಗೈ ನಲ್ಲಿಯ ಮೇಲೆ. ಎಡಗೈ ಸೊಂಟದ ಮೇಲೆ.

"ಹಾಯ್ ದೊಡ್ಡಮ್ಮ," ಅಂದಳು. ಕಣ್ಣು ಕೆಂಪಗಿದ್ದವು.

ನಾನು ಹೇಳಿದೆ, "ಸೊಂಟದ ಮೇಲೆ ಕೈ ಇಟ್ಕೊಂಡು ನಿಂತ್ಕೋಬೇಡ ಅಂತ ಎಷ್ಟ್ ಸಲ ಹೇಳೋದು ನಿಂಗೆ?"

ಅವಳು ಕೈ ತೆಗೆದಳು. ನನ್ನನ್ನು ನೋಡಿದಳು. "ಸೀರಿಯಸ್ಲಿ? ನೌ?" ಅಂದಳು. ಹೆಲ್ಮೆಟ್ ಎತ್ತಿಕೊಂಡು ಹೋದಳು.

ಇಷ್ಟೇ. ಇದರ ವಿಡಿಯೊ ಇಲ್ಲ, ಕ್ಯಾಮೆರಾ ಆಗ ಸತ್ತಿತ್ತು. ದಿನಚರಿಯಲ್ಲಿ ಹೀಗಿದೆ: "ಬ್ಯಾಟರಿ ಬದಲಿಸಿದೆ. ದೀ ಜೊತೆ ಎರಡು ಮಾತು." ಯಾವ ಎರಡು ಮಾತೆಂದು ಬರೆದಿಲ್ಲ. ಬರೆಯದೆ ಬಿಟ್ಟದ್ದು ಅದು ಮುಖ್ಯವಲ್ಲವೆಂದೋ, ಮುಖ್ಯವೆಂದೋ? ಬಾಯಿಗೆ ಅಭ್ಯಾಸವಾಗಿದ್ದ ಮಾತು ತಾನೇ ತಾನಾಗಿ ಬಂತೆಂದು ಎಷ್ಟೋ ದಿನ ನಂಬಿದ್ದೆ. ನಂಬಲು ಆಧಾರವೂ ಇದೆ, ಸಾವಿರ ಸಲ ಹೇಳಿದ ಮಾತು. ಆದರೆ ಅರ್ಧ ಗಂಟೆಯಿಂದ ನಾನು ಆ ಕೈಯನ್ನೇ ನೋಡುತ್ತಾ "ನಾಲ್ಕು, ನಾಲ್ಕು" ಎನ್ನುತ್ತಿದ್ದವಳು. ಆ ಕೈ ಕಂಡಾಗ ಬಾಯಿ ತೆರೆದವಳು ದೊಡ್ಡಮ್ಮನೋ, ಆ ಕೈಯ ಗುಟ್ಟು ಬಲ್ಲ ಸಿಡ್ನಿಯ ವಿಡಿಯೊದವಳೋ?

ಮತ್ತೆ ಗೋಪುರ ಹತ್ತಿದೆ.

ಎರಡನೆಯ ಅರ್ಧದಲ್ಲಿ ಮೆಲ್ಬರ್ನ್ ನಾಲ್ಕರ ಕಾವಲು ಹಾಕಿದ್ದು ಮೂರೇ ಸಲ. ಇದು ನೆನಪಲ್ಲ, ವಿಡಿಯೊದಲ್ಲಿದೆ. ಮೊದಲ ಸಲ ದೀಕ್ಷಾಳ ಎಡಗೈ ಸೊಂಟದ ಕಡೆ ಹೊರಟಿತು. ಅರ್ಧದಾರಿಯಲ್ಲಿ ನಿಂತಿತು. ಕೆಳಗಿಳಿಯಿತು. ಮೆಲೆ ರೇಡಿಯೊದಲ್ಲಿ "ಆಂಟಿ?" ಅಂದಳು. "ಗೊತ್ತಾಗಲಿಲ್ಲ" ಎಂದೆ. ಆಗಲೇ ನಾನು ಹೇಳಬೇಕಿತ್ತು: ಮೆಲೆ, ಇನ್ನು ಆ ಕೈಯನ್ನು ನಂಬಬೇಡ. ಆ ಒಂದು ವಾಕ್ಯ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಿದ್ದಳು. ಎರಡನೆಯ ಸಲ ದೀಕ್ಷಾ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಳ್ಳುತ್ತಿದ್ದಳು, ಕೈ ಸೊಂಟದ ಮೇಲೂ ಇರಲಿಲ್ಲ, ಮಂಡಿಯ ಮೇಲೂ ಇರಲಿಲ್ಲ. ಉಳಿದದ್ದೆಲ್ಲ ಮಂಡಿಯ ಮೇಲೆ ಕೈ, ಮೂರರ ಕಾವಲು, ಅದು ಹಿಂದಿನಂತೆಯೇ ನಿಜ. ಆದರೆ ಈಗ ಅವರು ಜೆಸ್ ಮೇಲೆ ಹೆಚ್ಚು ಜನರನ್ನು ನುಗ್ಗಿಸುತ್ತಿದ್ದರು, ಎಸೆಯಲು ಅವಳಿಗೆ ಸಮಯವೇ ಸಿಗುತ್ತಿರಲಿಲ್ಲ. ಮೆಲ್ಬರ್ನ್ ನಿಧಾನವಾಗಿ ಮೇಲೆ ಬಂತು. ಐದು ಅಂಕ ಮುಂದೆ ಹೋಯಿತು.

ಕೊನೆಯ ಒಂದು ಎಸೆತಕ್ಕೆ ಮಾತ್ರ ಸಮಯ ಉಳಿದಿತ್ತು. ಚೆಂಡು ಗೆರೆಯಿಂದ ಮೂವತ್ತು ಗಜ ದೂರ. ಟಚ್‌ಡೌನ್ ಆದರೆ ನಾವು, ಇಲ್ಲದಿದ್ದರೆ ಅವರು.

"ಆಂಟಿ, ಮೂರೋ ನಾಲ್ಕೋ?" ಮೆಲೆ.

ದೀಕ್ಷಾ ಬಾಗಿದ್ದಳು. ಎರಡೂ ಕೈ ಮಂಡಿಯ ಮೇಲೆ.

"ಆಂಟಿ!"

"ಕೈ ಮಂಡಿ ಮೇಲಿದೆ," ಎಂದೆ. ಆಮೇಲೆ ಹೇಳಿದೆ, "ಮೂರು."

ಮೆಲೆ ತೋಳೆತ್ತಿದಳು. ಇಬ್ಬರು ಸಂದಿನಲ್ಲಿ ಓಡಿದರು. ದೀಕ್ಷಾ ನಡುವಿಗೆ ಓಡುತ್ತಾಳೆ, ಅವಳು ಬಿಟ್ಟ ಜಾಗ ತೆರೆಯುತ್ತದೆ ಎಂದು ಜೆಸ್ ನೋಡದೆಯೇ ಆ ಜಾಗಕ್ಕೆ ಎಸೆದಳು. ದೀಕ್ಷಾ ಓಡಲಿಲ್ಲ. ನಾಲ್ಕರ ಕಾವಲು. ತನ್ನ ಪಾಲಿನಲ್ಲಿ ಐದು ಹೆಜ್ಜೆ ಹಿಂದೆ ಸರಿದು ನಿಂತಳು. ಚೆಂಡು ಅವಳ ಎದೆಗೇ ಬಂತು. ಮಗುವನ್ನು ಎತ್ತಿಕೊಳ್ಳುವಂತೆ ಹಿಡಿದು ನೆಲದ ಮೇಲೆ ಕೂತುಬಿಟ್ಟಳು.

ಆ ವಿಡಿಯೊವನ್ನು ನಾನು ಅದೆಷ್ಟು ಸಲ ನೋಡಿದ್ದೇನೋ. ಚೆಂಡು ಆಟಕ್ಕೆ ಬರುವ ಮುಂಚೆ ಅವಳ ಪಾದ ಸ್ಪಷ್ಟವಾಗಿ ಕಾಣುತ್ತದೆ. ಎರಡೂ ನೇರ. ನಿಲ್ಲುವವಳ ಪಾದ. ಪಾದ ನೋಡು ಎಂದು ಲೊರೇನ್ ಪಕ್ಕದಲ್ಲಿ ಕೂತು ಕಲಿಸಿದ್ದಳು, ಎರಡು ದಶಕ ಅದನ್ನೇ ನೋಡಿ ಸಂಬಳ ತೆಗೆದುಕೊಂಡವಳು ನಾನು. "ಮೂರು" ಎನ್ನುವ ಮುಂಚೆ ಆ ಪಾದ ನನಗೆ ಕಂಡಿತ್ತೇ? ಕಂಡಿತ್ತು ಎಂದು ಕೆಲವೊಮ್ಮೆ ಅನಿಸುತ್ತದೆ. ಆದರೆ ಆಮೇಲೆ ಇಷ್ಟು ಸಲ ನೋಡಿದ ಪಾದ ಹಿಂದಕ್ಕೆ ಹೋಗಿ ಆ ಗಳಿಗೆಯಲ್ಲಿ ಕೂತಿರಬಹುದು. ನೆನಪು ಹೀಗೆ ಮಾಡುತ್ತದೆ ಎಂದು ಬೇರೆಯವರಿಗೆ ಪಾಠ ಹೇಳಿದವಳು ನಾನೇ.

ವಾಪಸ್ ಬಂದ ವಾರ ಮೆಲೆಗೆ ನಲ್ಲಿಯ ಹತ್ತಿರದ ಮಾತು ಹೇಳಿದೆ. ಅರ್ಧಕ್ಕೆ ನಿಂತ ಕೈಯನ್ನೂ ಹೇಳಿದೆ. ಪಾದದ ವಿಷಯ ಹೇಳಲಿಲ್ಲ. ಅವಳು ಜೋರಾಗಿ ನಕ್ಕಳು. "ಆಂಟಿ, ಸುಸ್ತಾದವರೆಲ್ಲ ಕೊನೆಯಲ್ಲಿ ಮಂಡಿ ಮೇಲೆ ಕೈ ಇಡುತ್ತಾರೆ. ಜೆಸ್ ನೋಡಿ ಎಸೆಯಬೇಕಿತ್ತು, ಎಸೆಯಲಿಲ್ಲ." ಆಮೇಲೆ ನಗದೆ ಇನ್ನೊಂದು ಮಾತು ಅಂದಳು. "ಮುಂದಿನ ವರ್ಷ ಮೆಲ್ಬರ್ನ್ ಆಟಕ್ಕೆ ಬೇರೆ ಯಾರನ್ನಾದರೂ ಗೋಪುರ ಹತ್ತಿಸುತ್ತೇನೆ." ಮುಂದಿನ ವರ್ಷದವರೆಗೆ ನಾನು ಕಾಯಲಿಲ್ಲ. ಆಫೀಸು, ತಂಡ, ಎರಡನ್ನೂ ಬಿಟ್ಟೆ. ಕೆಲಸಕ್ಕೆ ಸೇರಿರುವ ಹುಡುಗಿಗೆ ನನ್ನ ಬುದ್ಧಿಮಾತು ಒಂದೇ: ನಿನ್ನವರು ಆಡುವ ಆಟಕ್ಕೆ ಆ ಗೋಪುರ ಹತ್ತಬೇಡ. ಹತ್ತಿದರೆ, ನೋಡಿದ್ದನ್ನು ನೋಡಿದ ಗಳಿಗೆಯಲ್ಲೇ ಬರೆದಿಡು.

ದೀಕ್ಷಾ ಆಯ್ಕೆಯಾದಳು. ಫೈನಲ್ಲಿನ ಕೊನೆಯ ಎಸೆತದಲ್ಲಿ ತೀರ್ಮಾನಕ್ಕೆ ಅವಸರ ಮಾಡದೆ ಜಾಗದಲ್ಲೇ ನಿಂತದ್ದನ್ನು ಆಯ್ಕೆದಾರರು ಹೊಗಳಿದರಂತೆ. ಶೋಭಾ ಫೋನಿನಲ್ಲಿ ಅತ್ತಳು. "ನೀನು ಹಚ್ಚಿದ್ದು ಸಾರ್ಥಕ ಆಯ್ತು ನೋಡಕ್ಕ" ಅಂದಳು. ನಾನು ಹೂಂ ಎಂದೆ.

ಕಳೆದ ತಿಂಗಳು ದೀಕ್ಷಾ ಸಿಡ್ನಿಗೆ ಬಂದವಳು ನಮ್ಮ ಮನೆಯಲ್ಲಿ ಉಳಿದಿದ್ದಳು. ಅಡುಗೆಮನೆಯಲ್ಲಿ ನಾನು ಚಟ್ನಿಗೆ ಕಾಯಿ ಹಾಕುತ್ತಿದ್ದೆ, ಅವಳು ಫ್ರಿಜ್ಜಿಗೆ ಒರಗಿ ನಿಂತಿದ್ದಳು. ಕೇಳಿಬಿಟ್ಟೆ. ಅವಳು ನನ್ನ ಮುಖವನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವಳನ್ನು ಕರೆದೊಯ್ಯಲು ಬಂದಿದ್ದ ಗೆಳತಿಯ ಕಾರು ಹಾರ್ನ್ ಮಾಡಿತು. "ಗೊಟ್ಟ ಗೋ, ದೊಡ್ಡಮ್ಮ," ಎಂದು ಕೆನ್ನೆಗೊಂದು ಮುತ್ತು ಕೊಟ್ಟು ಹೋದಳು.

ಈ ಪುಟಗಳನ್ನು ಶೋಭಾಗೆ ಕಳಿಸಿದೆ. ದೀಕ್ಷಾಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ಆದ್ದರಿಂದ ಅವಳಿಗೆ ಓದಿ ಹೇಳಲು ತಿಳಿಸಿದೆ. ನಿನ್ನೆ ಶೋಭಾ ಫೋನ್ ಮಾಡಿದಳು.

"ಪೂರ್ತಿ ಕೇಳಿಸ್ಕೊಂಡ್ಲು ಅಕ್ಕ. ನಡುವೆ ಎದ್ದೂ ಹೋಗ್ಲಿಲ್ಲ."

"ಏನಂದ್ಲು?"

"ನಂಬರ್ ಟ್ವೆಂಟಿ ಒನ್ ಅಲ್ಲ, ಟ್ವೆಲ್ವ್ ಅಂದ್ಲು. ಅಷ್ಟೇ."

ಹನ್ನೆರಡು. ಅಷ್ಟು ಸಲ ನೋಡಿದ ವಿಡಿಯೊದಲ್ಲಿ ಅವಳ ಬೆನ್ನ ಮೇಲೇ ಇದ್ದ ಸಂಖ್ಯೆ. ಮೇಲೆ ಬರೆದದ್ದನ್ನು ತಿದ್ದದೆ ಹಾಗೇ ಬಿಟ್ಟಿದ್ದೇನೆ.

ಅಡುಗೆಮನೆಯಲ್ಲಿ ನಾನು ಅವಳನ್ನು ಕೇಳಿದ್ದು ಇಷ್ಟೇ: "ದೀ, ಅವತ್ತು ನಲ್ಲಿ ಹತ್ರ ನಾನು ಹೇಳಿದ್ನಲ್ಲ, ದೊಡ್ಡಮ್ಮ ಬೈದ್ಲು ಅಂತ ಕೈ ತೆಗ್ದ್ಯಾ, ಇಲ್ಲ ನಾನು ಏನು ಹೇಳ್ತಿದೀನಿ ಅಂತ ನಿಂಗೆ ಗೊತ್ತಾಗಿತ್ತಾ?"